ಸಾವಿನ ಮನೆಯಲ್ಲಿ ನಗು

ಪ್ರಶ್ನೆ: ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಶವವಾಗಿ ಸಿಕ್ಕ ತಂದೆಯದು ಕೊಲೆಯೆಂದು ಶಂಕಿಸಿ, ಅಕ್ಕ ತಮ್ಮ ತಾವೇ ಹುಡುಕಾಟಕ್ಕಿಳಿಯುವ ಪತ್ತೇದಾರಿ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಹಾಸ್ಯವೂ ಇದೆ. ಸಾವಿನ ಮನೆಯಲ್ಲಿ ನಗಿಸುವುದು ತಪ್ಪೆಂದು ಮನೆಯವರು ಹೇಳುತ್ತಾರೆ. ತಮ್ಮ ಅಭಿಪ್ರಾಯವೇನು?
– ಓದುಗರೊಬ್ಬರು, ಮಂಡ್ಯ

ಉತ್ತರ: ಖಂಡಿತ ತಪ್ಪಲ್ಲ; ಆದರೆ ಆ ನಗು ಅಳಲಾರದೆ ಉಳಿದವರ ತಬ್ಬಿಬ್ಬಿನಿಂದ ಹುಟ್ಟಬೇಕು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟು, ದಂಡೆಯ ಮೇಲೆ ಎಡೆಯಿಟ್ಟು ಕಾದರೂ ಕಾಗೆ ಬಾರದಿದ್ದಾಗ, ‘ಅಪ್ಪಂಗೆ ನಿನ್ನ ಕೈ ವಡೆ ಯಾವತ್ತೂ ಹಿಡಿಸ್ತಿರಲಿಲ್ಲ ಕಣಕ್ಕಾ’ ಎಂದು ತಮ್ಮ ಪಿಸುಗುಟ್ಟಿದರೆ, ಅಕ್ಕನ ನಗು ಅರ್ಧದಲ್ಲೇ ಅಳುವಾಗುತ್ತದೆ. ಅಂಥ ಒಂದು ಗಳಿಗೆಯ ಮುಂದೆ ಹತ್ತು ಪುಟಗಳ ವಿಲಾಪವೂ ಸಪ್ಪೆಯೆಂಬುದು ನನ್ನ ದೃಢವಾದ ನಂಬಿಕೆ.

ಅಪರಾಧದ ಭಾಗದಲ್ಲಿ ಮಾತ್ರ ಸಡಿಲ ಬಿಡಬೇಡಿ. ಕಥೆ 2024ರ ಜುಲೈ 1ರ ನಂತರದ್ದಾದರೆ, ಅಸಹಜ ಸಾವಿನ ವಿಚಾರಣೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಸೆಕ್ಷನ್ ಅಡಿಯಲ್ಲಿ ನಡೆಯುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಸೆಕ್ಷನ್ ಬರೆಯಬೇಡಿ. ನೀರಿಗೆ ಬಿದ್ದಾಗ ಜೀವವಿತ್ತೇ ಎಂದು ತಿಳಿಯಲು, ಮೂಳೆಯ ಮಜ್ಜೆಯಲ್ಲಿ ಡಯಾಟಂ ಎಂಬ ಸೂಕ್ಷ್ಮ ಪಾಚಿಯನ್ನು ಹುಡುಕಿ, ಶವ ಸಿಕ್ಕಲ್ಲಿನ ನೀರಿನೊಂದಿಗೆ ಹೋಲಿಸುವ ಪರೀಕ್ಷೆಯೊಂದಿದೆ. ಅದೊಂದೇ ಸಾಕ್ಷ್ಯದಿಂದ ತೀರ್ಮಾನಕ್ಕೆ ಬರಲಾಗದು. ಆದರೆ ಮಜ್ಜೆಯ ಡಯಾಟಂ ನಾಲೆಯ ನೀರಿನದಕ್ಕೆ ಹೊಂದದೆ ಊರ ಕೆರೆಯದಕ್ಕೆ ಹೊಂದಿದರೆ, ನಿಮ್ಮ ಅಕ್ಕ ತಮ್ಮಂದಿರ ಹುಡುಕಾಟಕ್ಕೆ ಹೊಸ ದಾರಿಯೇ ತೆರೆಯುತ್ತದೆ. ಮರಣೋತ್ತರ ಪರೀಕ್ಷೆ ಮುಗಿಯಲೆಂದು ಶವಾಗಾರದ ಹೊರಗೆ ಕಾಯುವ ಆ ದೀರ್ಘ ಮಧ್ಯಾಹ್ನವನ್ನು ದಯವಿಟ್ಟು ಬಿಡದೆ ಬರೆಯಿರಿ. ಅಪ್ಪನ ಒಂಟಿ ಚಪ್ಪಲಿಯನ್ನು ಯಾರು ಹಿಡಿದುಕೊಳ್ಳಬೇಕೆಂದು ಇಬ್ಬರೂ ಅಲ್ಲಿಯೇ ಜಗಳವಾಡಲಿ.