ಬರ್ತಾನೆ ಬರ್ತಾನೆ ಅಂತ ಹೇಳಿದ್ದೇ ಹೇಳಿದ್ದು, ಬಂದಿದ್ದೇನು?

"ತುಂಬಾ ನಿರೀಕ್ಷೆ ಇಟ್ಕೊಂಡು ನೋಡಿ ಕೈ ಸುಟ್ಕೊಂಡ ಸಿನಿಮಾ, ಡಾಕ್ಯುಮೆಂಟರಿ ಯಾವ್ದು, ಮಧ್ಯದಲ್ಲೇ ಎದ್ದು ಬಂದಿದ್ದೀರಾ" ಅಂತ ಕೇಳಿದ್ದೀರ. ಎದ್ದು ಬಂದ ಕಥೆ ಕೊನೇಲಿ ಹೇಳ್ತೀನಿ, ಅದು ನಂದಲ್ಲ, ನಮ್ ದೊಡ್ಡಪ್ಪಂದು. ನಾನು ಪೂರ್ತಿ ಕೂತ್ಕೊಂಡು ನೋಡಿ ಮನೆಗೆ ಬಂದು ಬೈಯೋ ಜಾತಿ, ಟಿಕೆಟ್ ದುಡ್ಡು ಕೊಟ್ಟಿರ್ತೀನಲ್ಲ, ಎಸಿ ಆದ್ರೂ ಪೂರ್ತಿ ಸಿಗ್ಲಿ ಅಂತ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಕೆಟ್ಟ ಸಿನಿಮಾ ಮೇಲೆ ನಂಗೆ ಅಷ್ಟೇನೂ ಸಿಟ್ಟಿಲ್ಲ. ದುಡ್ಡಿಲ್ದೆ, ಅನುಭವ ಇಲ್ದೆ ಯಾರೋ ಹೊಸಬರು ಮಾಡಿ ಕೆಡಿಸಿದ್ರೆ ಪಾಪ ಅನ್ಸುತ್ತೆ ಅಷ್ಟೇ. ಮೈ ಉರಿಯೋದು ಯಾವ್ದಕ್ಕೆ ಅಂದ್ರೆ, ಎಲ್ಲಾ ಇದ್ದೂ, ತೋರಿಸೋ ಬದ್ಲು ಬರೀ ಹೇಳ್ತಾನೇ ಇರೋದಕ್ಕೆ. ಹೀರೋ ಎಷ್ಟು ಭಯಂಕರ ಅಂತ ಒಬ್ಬ ಹೇಳ್ತಾನೆ, ಅವ್ನು ಹೇಳಿದ್ದು ನಿಜ ಅಂತ ಇನ್ನೊಬ್ಬ ಹೇಳ್ತಾನೆ, ಹಿಂದ್ಗಡೆ ಮ್ಯೂಸಿಕ್ ಡಬ್ ಡಬ್ ಅಂತ ಎದೆ ಮೇಲೆ ಕುಟ್ತಾ ಇರುತ್ತೆ, ಆ ಭಯಂಕರ ಮನುಷ್ಯ ಏನ್ ಮಾಡ್ದ ಅಂತ ನೋಡೋಕೆ ಹೋದ್ರೆ ಸ್ಲೋ ಮೋಷನ್‌ನಲ್ಲಿ ನಡ್ಕೊಂಡ್ ಬಂದ.

ಈ ಲೆಕ್ಕದಲ್ಲಿ ನನ್ನ ನಂಬರ್ ಒನ್ ಕಬ್ಜ. 2023ರ ಮಾರ್ಚ್ 17, ಅಪ್ಪು ಹುಟ್ಟುಹಬ್ಬದ ದಿನ ಬಿಟ್ರು, ಅವತ್ತು ಥಿಯೇಟರ್ ಮುಂದೆ ಇದ್ದ ಜನ ನೋಡಿದ್ರೆ ಅರ್ಧ ಪೈಸಾ ವಸೂಲ್ ಆಗ್ಬಿಟ್ಟಿತ್ತು. ಉಪೇಂದ್ರ, ಸುದೀಪ್, ಶಿವಣ್ಣ ಮೂರೂ ಜನ ಇದಾರೆ, ಕೆಜಿಎಫ್‌ಗೆ ಮಾಡಿದ ರವಿ ಬಸ್ರೂರು ಅವ್ರದ್ದೇ ಮ್ಯೂಸಿಕ್ಕು, ಇನ್ನೇನ್ ಬೇಕು ಹೇಳಿ. ಒಳಗೆ ಹೋಗಿ ಕೂತ್ರೆ ಹತ್ತು ನಿಮಿಷಕ್ಕೆ ಗೊತ್ತಾಯ್ತು, ಇದು ಕೆಜಿಎಫ್ ಥರ ಮಾಡೋಕೆ ಹೋಗಿರೋದಲ್ಲ, ಕೆಜಿಎಫ್‌ನ ಅಂಗಿ ಚಡ್ಡಿ ಎಲ್ಲಾ ಇಸ್ಕೊಂಡು ಹಾಕ್ಕೊಂಡಿರೋದು. ಅದೇ ಮಸಿ ಬಣ್ಣ, ಅದೇ ಸೆಕೆಂಡಿಗೊಂದು ಕಟ್ಟು, ಅಲ್ಲಿ ಅನಂತ್ ನಾಗ್ ಕಥೆ ಹೇಳಿದ್ರೆ ಇಲ್ಲಿ ಪೊಲೀಸ್ ಆಗಿರೋ ಸುದೀಪ್ ಹೇಳ್ತಾರೆ. ಕೆಜಿಎಫಲ್ಲೂ ಬಿಲ್ಡಪ್ ಇರ್ಲಿಲ್ವಾ ಅಂತ ಕೇಳ್ತೀರ, ಇತ್ತು, ಬೇಕಾದಷ್ಟಿತ್ತು, ಆದ್ರೆ ಅಲ್ಲಿ ಕೊಟ್ಟ ಮಾತಿಗೆ ಒಂದು ಸೀನ್ ಬರುತ್ತೆ. ಗಣಿಯೊಳಗೆ ಆ ಕುರುಡು ಮುದುಕನ್ನ ಕೊಲ್ಲೋಕೆ ಹೋಗ್ತಾರಲ್ಲ, ಅಲ್ಲಿ ರಾಕಿ ಎದ್ದು ನಿಂತಾಗ ನಮ್ಗೆ ಯಾರೂ ಏನೂ ಹೇಳ್ಬೇಕಾಗಿಲ್ಲ, ಅಷ್ಟೊತ್ತಿಗೆ ನಾವೇ ಸೀಟಿನ ತುದೀಗೆ ಬಂದಿರ್ತೀವಿ. ಕಬ್ಜದಲ್ಲಿ ನಾನು ಆ ಒಂದು ಸೀನಿಗೆ ಕಾದೆ ಕಾದೆ ಕಾದೆ, ಕೊನೇಗೆ ಶಿವಣ್ಣ ಬಂದ್ರು, ಸದ್ಯ ಈಗ ಶುರುವಾಗುತ್ತೆ ಅನ್ಕೊಂಡೆ, ಎರಡನೇ ಭಾಗದಲ್ಲಿ ನೋಡಿ ಅಂತ ಲೈಟ್ ಹಾಕ್ಬಿಟ್ರು.

ಇದ್ರಲ್ಲಿ ನಿಜವಾಗ್ಲೂ ಹೊಟ್ಟೆ ಉರ್ಸಿದ್ದು ಬೇರೆ. ಶಿವಣ್ಣ, ಉಪ್ಪಿ ಇಬ್ರೂ ಇದಾರೆ ಅಂದ್ರೆ ಏನರ್ಥ? 1995ರಲ್ಲಿ ಓಂ ಕೊಟ್ಟ ಜೋಡಿ ಅದು, ಉಪ್ಪಿ ಡೈರೆಕ್ಟರ್, ಶಿವಣ್ಣ ಹೀರೋ. ಅರ್ಚಕರ ಮಗ ಸತ್ಯ ಮಚ್ಚು ಹಿಡಿಯೋ ಕಥೆ, ನಿಜವಾದ ರೌಡಿಗಳನ್ನೇ ಕರ್ಕೊಂಡ್ ಬಂದು ಕ್ಯಾಮೆರಾ ಮುಂದೆ ನಿಲ್ಲಿಸಿದ್ದ ಉಪೇಂದ್ರ, ಆಗ ಅವ್ರಿಗಿನ್ನೂ ಮೂವತ್ತೂ ಆಗಿರ್ಲಿಲ್ಲ. ಆ ಸಿನಿಮಾನ ನೂರಾರು ಸಲ ಮತ್ತೆ ಮತ್ತೆ ಬಿಡುಗಡೆ ಮಾಡಿದಾರೆ, ನಾನೇ ಟೆಂಟಲ್ಲಿ ಒಂದ್ಸಲ, ಹಾಸನದಲ್ಲಿ ಎರಡ್ಸಲ ನೋಡಿದೀನಿ. ರೌಡಿಸಂ ಅಂದ್ರೆ ಏನು ಅಂತ ಇಡೀ ಇಂಡಸ್ಟ್ರಿಗೇ ಪಾಠ ಮಾಡಿದ ಮನುಷ್ಯನ್ನ ಕರ್ಕೊಂಡ್ ಬಂದು ಕೋಟ್ ಹಾಕ್ಸಿ, ಗನ್ ಕೊಟ್ಟು, ಮಾತಾಡ್ದೆ ನಿಂತ್ಕೊಳಿ ಸಾರ್ ಅಂತ ನಿಲ್ಸಿದ್ರೆ ಹೆಂಗಾಗ್ಬೇಡ. ಉಪ್ಪಿ ಫ್ಯಾನ್ಸ್ ನನ್ನ ಬೈಯೋದಾದ್ರೆ ಬೈರಿ, ನಾನೂ ನಿಮ್ಮವ್ನೇ.

(ಆದಿಪುರುಷ್ ಬಗ್ಗೆ ಯಾಕೆ ಬರ್ದಿಲ್ಲ ಅಂತ ಕೇಳ್ಬೇಡಿ, ಅದನ್ನ ಇಡೀ ದೇಶ ಸೇರಿ ಬೈದಾಗಿದೆ, ನಂದೇನೂ ಬಾಕಿ ಇಲ್ಲ.)

ಡಾಕ್ಯುಮೆಂಟರಿ ವಿಷ್ಯಕ್ಕೆ ಬಂದ್ರೆ, ಅವ್ರಾದ್ರೂ ಸುಮ್ನೆ ತೋರಿಸ್ತಾರೆ ಅಂತ ನಂಬಿದ್ದೆ, ಅಲ್ಲೂ ಇದೇ ಕಥೆ. ನೆಟ್‌ಫ್ಲಿಕ್ಸಲ್ಲಿ 2021ರಲ್ಲಿ ಒಂದು ಬಂತು, ಲಾಸ್ ಏಂಜಲೀಸಿನ ಸೆಸಿಲ್ ಹೋಟೆಲಿಂದು. 2013ರಲ್ಲಿ ಕೆನಡಾದಿಂದ ಬಂದ 21 ವರ್ಷದ ಹುಡುಗಿ ಆ ಹೋಟೆಲಲ್ಲಿ ಕಾಣೆಯಾಗಿ, ಆಮೇಲೆ ತಾರಸಿ ಮೇಲಿನ ನೀರಿನ ಟ್ಯಾಂಕಲ್ಲಿ ಹೆಣವಾಗಿ ಸಿಕ್ಕಿದ್ಲು, ಲಿಫ್ಟ್ ಒಳಗೆ ಅವ್ಳು ವಿಚಿತ್ರವಾಗಿ ಆಡ್ತಿದ್ದ ಸಿಸಿಟಿವಿ ವಿಡಿಯೋ ನೀವೂ ನೋಡಿರ್ತೀರ, ನಮ್ ಟಿವಿ ಚಾನೆಲ್ಲಿನವ್ರಿಗಿಂತ ಜಾಸ್ತಿ ಮ್ಯೂಸಿಕ್ ಹಾಕಿ ಯೂಟ್ಯೂಬಲ್ಲಿ ಬಿಟ್ಟಿದ್ರು ಜನ. ನಾಲ್ಕು ಎಪಿಸೋಡು. ಮೊದಲನೇದು ಮುಗ್ಯೋ ಹೊತ್ತಿಗೆ ದೆವ್ವ, ಎರಡನೇದ್ರಲ್ಲಿ ಕೊಲೆ, ಮೂರನೇದ್ರಲ್ಲಿ ಸರ್ಕಾರದ ಪಿತೂರಿ. ಟ್ಯಾಂಕಿನ ಮುಚ್ಚಳ ಮುಚ್ಚಿತ್ತಂತೆ, ಒಳಗಿದ್ದವ್ಳು ಹೆಂಗೆ ಮುಚ್ಕೊಳ್ಳೋಕೆ ಸಾಧ್ಯ, ಹಾಗಾದ್ರೆ ಯಾರೋ ಹಾಕಿರ್ಬೇಕು ಅಂತ ಯಾರ್ಯಾರೋ ಕಂಪ್ಯೂಟರ್ ಮುಂದೆ ಕೂತಿರೋರೆಲ್ಲ ಬಂದು ವಾದ ಮಾಡ್ತಾರೆ. ನಾನು ರಾತ್ರಿ ಎರಡು ಗಂಟೆ ತನಕ ಕೂತಿದ್ದೆ, ಬೆಳಿಗ್ಗೆ ಆಫೀಸಿತ್ತು. ಕೊನೇ ಎಪಿಸೋಡಲ್ಲಿ, ಹುಡುಕೋಕೆ ಹೋದ ಹೋಟೆಲ್ ಕೆಲಸದವನು ನೋಡಿದಾಗ ಮುಚ್ಚಳ ತೆಗ್ದೇ ಇತ್ತು ಅಂತ ನಿಧಾನಕ್ಕೆ ಹೇಳ್ತಾರೆ! ಅವ್ಳಿಗೆ ಬೈಪೋಲಾರ್ ಕಾಯಿಲೆ ಇತ್ತು, ಮಾತ್ರೆ ಸರಿಯಾಗಿ ತಗೊಂಡಿರ್ಲಿಲ್ಲ, ಅಲ್ಲಿನ ಅಧಿಕಾರಿಗಳು 2013ರಲ್ಲೇ ಆಕಸ್ಮಿಕವಾಗಿ ಮುಳುಗಿ ಸತ್ತಿದ್ದು ಅಂತ ಬರ್ದು ಮುಗ್ಸಿದ್ರು. ಅಂದ್ರೆ ಶುರುವಿಂದ್ಲೂ ಇವ್ರಿಗೆ ಉತ್ತರ ಗೊತ್ತಿತ್ತು, ಜೇಬಲ್ಲಿ ಇಟ್ಕೊಂಡು ನನ್ನ ಆಟ ಆಡ್ಸಿದ್ರು.

ಅದೇ ಸೀರೀಸ್ ಒಳಗೆ ಒಬ್ಬ ಮೆಟಲ್ ಗಾಯಕ ಬರ್ತಾನೆ, ಮೆಕ್ಸಿಕೋದವನು, ಅವ್ನು ಆ ಹೋಟೆಲಲ್ಲಿ ಉಳ್ಕೊಂಡಿದ್ದು ಅವ್ಳು ಬರೋಕೆ ಒಂದು ವರ್ಷ ಮುಂಚೆ, ಆದ್ರೂ ಮುಖಕ್ಕೆ ಬಣ್ಣ ಬಳ್ಕೊಂಡು ಸಾವಿನ ಬಗ್ಗೆ ಹಾಡ್ತಾನೆ ಅನ್ನೋ ಒಂದೇ ಕಾರಣಕ್ಕೆ ಇವ್ನೇ ಕೊಲೆಗಾರ ಅಂತ ಜನ ಇಂಟರ್ನೆಟ್ಟಲ್ಲಿ ಅವ್ನ ಜೀವನ ಹಾಳು ಮಾಡಿದ್ರು, ಅವ್ನು ಸಾಯೋಕೂ ಹೋಗಿದ್ನಂತೆ. ನಂಗೆ ಇಡೀ ನಾಲ್ಕು ಎಪಿಸೋಡಲ್ಲಿ ಮನಸ್ಸಲ್ಲಿ ಉಳ್ದಿದ್ದು ಅವ್ನ ಮುಖ ಒಂದೇ. ಅವ್ನ ಬಗ್ಗೆ ಒಂದು ಗಂಟೆ ಡಾಕ್ಯುಮೆಂಟರಿ ಮಾಡಿದ್ರೆ ಎಷ್ಟು ಒಳ್ಳೇದಿತ್ತು. ಆದ್ರೆ ಅವ್ನ ಮೇಲೆ ಅನುಮಾನ ಹುಟ್ಸಿದ ಅದೇ ವಿದ್ಯೆನ ಇವ್ರೂ ಮೂರು ಎಪಿಸೋಡ್ ಮಾಡಿ, ನಾಲ್ಕನೇದ್ರಲ್ಲಿ ಅಯ್ಯೋ ಪಾಪ ಅಂದ್ರೆ ಹೆಂಗೆ ನಂಬೋದು.

ಇನ್ನೊಂದು ನೆನೆಸ್ಕೊಂಡ್ರೆ ನಗು ಬರುತ್ತೆ. 2014ರ ಡಿಸೆಂಬರಲ್ಲಿ ಡಿಸ್ಕವರಿಯವ್ರು ಮನುಷ್ಯನ್ನ ಅನಕೊಂಡ ಹಾವು ಜೀವಂತ ನುಂಗೋದನ್ನ ತೋರಿಸ್ತೀವಿ ಅಂತ ಊರೆಲ್ಲಾ ಡಂಗೂರ ಹೊಡೆದ್ರು, ಈಟನ್ ಅಲೈವ್ ಅಂತ ಹೆಸರು ಬೇರೆ. ಪೆರು ದೇಶದ ಅಮೆಜಾನ್ ಕಾಡು, ಪಾಲ್ ರೊಸೋಲಿ ಅನ್ನೋ ಮನುಷ್ಯ, ಮೈಗೆಲ್ಲ ವಿಶೇಷವಾದ ಸೂಟು, ಅದ್ರ ಮೇಲೆ ಹಂದಿ ರಕ್ತ. ಫ್ರೆಂಡ್ ಒಬ್ಬ ಹಾರ್ಡ್ ಡಿಸ್ಕಲ್ಲಿ ತಂದ್ಕೊಟ್ಟಿದ್ದ, ರೂಮಲ್ಲಿ ಐದು ಜನ ಪುರಿ ಖಾರ ಇಟ್ಕೊಂಡು ಕೂತ್ವಿ. ಕಾಡಲ್ಲಿ ಓಡಾಡಿದ್ರು, ಹಾವು ಹುಡುಕಿದ್ರು, ಡಾಕ್ಟ್ರು ಬಂದ್ರು, ಸೂಟ್ ಟೆಸ್ಟ್ ಮಾಡಿದ್ರು, ಎರಡು ಗಂಟೆ ಕಾರ್ಯಕ್ರಮದಲ್ಲಿ ಎಲ್ಲಾ ಆಯ್ತು, ಕೊನೇಗೆ ಹಾವು ಅವ್ನ ಸುತ್ಕೊಂಡು ಹೆಲ್ಮೆಟ್ಟಿಗೆ ಬಾಯಿ ಹಾಕ್ತು ಅಷ್ಟೇ, ಕೈ ಮುರ್ಯುತ್ತೆ ಬನ್ರಪ್ಪಾ ಅಂತ ಕೂಗ್ಕೊಂಡ, ಬಂದು ಬಿಡಿಸಿದ್ರು. ಕಥೆ ಮುಗೀತು. ಕಾಡು ಉಳಿಸೋಕೆ ಜನರ ಗಮನ ಸೆಳೀಬೇಕಿತ್ತು, ಅದಕ್ಕೆ ಹಿಂಗೆ ಮಾಡಿದ್ವಿ ಅಂದ್ರು. ಆ ಹಾವಿಗೆ ಅವ್ನ ತಿನ್ನೋ ಯೋಚ್ನೆನೇ ಇರ್ಲಿಲ್ಲ ಅನ್ಸುತ್ತೆ, ಇಡೀ ಪ್ರೋಗ್ರಾಮಲ್ಲಿ ಮರ್ಯಾದೆ ಉಳಿಸ್ಕೊಂಡಿದ್ದು ಅದೊಂದೇ.

ನಗೋಕಾಗದೇ ಇರೋದೂ ಒಂದಿದೆ. ಲೆಮಿಂಗ್ ಅನ್ನೋ ಇಲಿ ಥರದ ಪ್ರಾಣಿಗಳು ಗುಂಪುಗುಂಪಾಗಿ ನೀರಿಗೆ ಹಾರಿ ಆತ್ಮಹತ್ಯೆ ಮಾಡ್ಕೊಳ್ತವೆ ಅಂತ ನಮ್ ಹೈಸ್ಕೂಲ್ ಮೇಷ್ಟ್ರೂ ಹೇಳಿದ್ರು, ಬಹಳ ಜನಕ್ಕೆ ಈಗ್ಲೂ ಅದೇ ನಂಬಿಕೆ. ಅದನ್ನ ಜಗತ್ತಿಗೆಲ್ಲ ಹಬ್ಬಿಸಿದ್ದು 1958ರ ಡಿಸ್ನಿ ಡಾಕ್ಯುಮೆಂಟರಿ, ವೈಟ್ ವೈಲ್ಡರ್‌ನೆಸ್, ಅದಕ್ಕೆ ಆಸ್ಕರ್ ಕೂಡ ಬಂತು. ಇಪ್ಪತ್ತು ಇಪ್ಪತ್ತೈದು ವರ್ಷ ಆದ್ಮೇಲೆ ಕೆನಡಾದ ಟಿವಿಯವ್ರು ಕೆದಕಿದ್ರೆ, ಶೂಟಿಂಗ್ ಆಗಿದ್ದ ಆಲ್ಬರ್ಟಾ ಅನ್ನೋ ಜಾಗಕ್ಕೆ ಸಮುದ್ರಾನೇ ಇಲ್ಲ, ಆ ಪ್ರಾಣೀನೂ ಅಲ್ಲಿಯದಲ್ಲ, ಬೇರೆ ಕಡೆಯಿಂದ ಮಕ್ಕಳ ಹತ್ರ ದುಡ್ಡು ಕೊಟ್ಟು ಹಿಡ್ಸಿ ತಂದು, ತಿರುಗೋ ಹಲಗೆ ಮೇಲೆ ಬಿಟ್ಟು ಓಡ್ತಿರೋ ಥರ ತೋರ್ಸಿ, ಕೊನೇಗೆ ದಡದಿಂದ ನದಿಗೆ ತಾವೇ ತಳ್ಳಿದ್ರು. ಪ್ರಾಣಿ ತಾನಾಗೇ ಸಾಯುತ್ತೆ ಅಂತ ಕಥೆ ಕಟ್ಟೋಕೆ ಪ್ರಾಣೀನೇ ಸಾಯಿಸಿದಾರೆ. ಇದು ಓದಿದ್ಮೇಲೆ ವೈಲ್ಡ್‌ಲೈಫ್ ಅಂತ ಏನ್ ಹಾಕಿದ್ರೂ ಇದು ನಿಜಾನಾ, ಯಾರಾದ್ರೂ ಪಕ್ಕದಲ್ಲಿ ಕೋಲು ಹಿಡ್ಕೊಂಡು ನಿಂತಿದಾರಾ ಅಂತ ಅನುಮಾನ ಬರೋಕೆ ಶುರುವಾಗಿದೆ ನಂಗೆ.

ನಮ್ಮದೇ ವೈಲ್ಡ್ ಕರ್ನಾಟಕ ಬಗ್ಗೆ ಹೇಳೋದಕ್ಕೆ ಸ್ವಲ್ಪ ಹಿಂಜರಿಕೆ ಇದೆ, ಯಾಕಂದ್ರೆ ಅದು ಮೋಸ ಮಾಡ್ಲಿಲ್ಲ, ವರ್ಷಗಟ್ಟಲೆ ಕಾಡಲ್ಲಿ ಕೂತು ತೆಗ್ದಿದಾರೆ, 2020ರ ಜನವರೀಲಿ ದೊಡ್ಡ ಪರದೆ ಮೇಲೆ ನೋಡಿದೆ, ವೈಲ್ಡ್‌ಲೈಫ್ ಕಾರ್ಯಕ್ರಮಗಳ ಡೇವಿಡ್ ಅಟೆನ್‌ಬರೋ ದನಿ, ನೀರುನಾಯಿಗಳು ಗುಂಪು ಕಟ್ಕೊಂಡು ಹುಲೀನ ರೇಗಿಸೋದು ನೋಡಿ ಕೈ ತಟ್ಟಿದೆ. ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ ಕೊಟ್ಟಿದಾರೆ, ಮನೇಲಿ ಅಮ್ಮಂಗೆ ಅದನ್ನ ಹಾಕ್ಕೊಟ್ಟೆ. ಆದ್ರೆ ನಾನು ಆಲೂರು ಕಡೆಯವನು. ಆಲೂರು, ಸಕಲೇಶಪುರ, ಬೇಲೂರು ಸೀಮೇಲಿ ಬೆಳಿಗ್ಗೆ ಎದ್ದ ತಕ್ಷಣ ವಾಟ್ಸಾಪ್ ನೋಡೋದೇ ಆನೆ ಯಾವ ತೋಟದಲ್ಲಿದೆ ಅಂತ, ಗದ್ದೆ ತುಳ್ದಿರುತ್ತೆ, ಕಾಫಿ ಗಿಡ ಮುರ್ದಿರುತ್ತೆ, ಕೂಲಿಗೆ ಹೋದೋರು ಸಂಜೆ ವಾಪಸ್ ಬರೋ ತನಕ ಮನೇಲಿ ನೆಮ್ಮದಿ ಇಲ್ಲ. ಆ ಚಿತ್ರದಲ್ಲಿರೋ ಕಾಡಲ್ಲಿ ಬೇಲಿ ಇಲ್ಲ, ಸೋಲಾರ್ ತಂತಿ ಇಲ್ಲ, ಕಂದಕ ಇಲ್ಲ, ಮನುಷ್ಯ ಅನ್ನೋನೇ ಅಪರೂಪ. ಕ್ಯಾಮೆರಾನ ಸ್ವಲ್ಪ ಎಡಕ್ಕೆ ತಿರುಗಿಸಿದ್ರೆ ನಮ್ಮಪ್ಪ ಟಾರ್ಚ್ ಹಿಡ್ಕೊಂಡು ನಿಂತಿರ್ತಿದ್ರು ಅನ್ಸಿತು. ಅಮ್ಮ ಆನೆ ಮರಿ ಬಂದಾಗ ಎಷ್ಟ್ ಚೆನ್ನಾಗಿದೆ ಅಂದ್ಳು, ಆಮೇಲೆ "ನಮ್ಮನೆ ಕಡೆ ಬರ್ದಿದ್ರೆ ಇನ್ನೂ ಚೆನ್ನಾಗಿರುತ್ತೆ" ಅಂದ್ಳು.

ಅಪ್ಪು ತೀರ್ಕೊಂಡ್ಮೇಲೆ ಬಂದ ಅವ್ರ ಗಂಧದ ಗುಡಿ ಬಗ್ಗೆ ಕೇಳ್ಬೇಡಿ, ಅದನ್ನ ಡಾಕ್ಯುಮೆಂಟರಿ ಅಂತ ತೂಗೋಕೆ ನನ್ನ ಕೈಲಿ ಆಗಲ್ಲ. ಪಕ್ಕದ ಸೀಟಿನ ಅಂಕಲ್ ಟೈಟಲ್ ಬರೋಕೆ ಮುಂಚೆನೇ ಅಳೋಕೆ ಶುರು ಮಾಡಿದ್ರು, ನಂಗೂ ಏನೂ ಸರಿಯಾಗಿ ಕಾಣ್ಲಿಲ್ಲ.

ಈಗ ದೊಡ್ಡಪ್ಪಂದು. ನಮ್ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡ್ತಾರಲ್ಲ, ರಾತ್ರಿ ಶುರುವಾದ್ರೆ ಬೆಳಗಾಗೋ ತನಕ, ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಹೇಳ್ಕೊಟ್ಟು, ಪಾತ್ರ ಮಾಡೋರು ತಾವೇ ಕೈಯಿಂದ ದುಡ್ಡು ಕಟ್ಟಿ. ದುರ್ಯೋಧನ, ಕೃಷ್ಣ ಅಂದ್ರೆ ರೇಟು ಜಾಸ್ತಿ. ನಮ್ ದೊಡ್ಡಪ್ಪ ಒಂದು ಹಸು ಮಾರಿ ದುರ್ಯೋಧನ ಮಾಡಿದೋರು, ದೊಡ್ಡಮ್ಮ ಇವತ್ತಿಗೂ ಆ ಹಸು ಹೆಸರು ಹೇಳಿ ಬೈತಾರೆ. 2019ರ ಆಗಸ್ಟಲ್ಲಿ ಕುರುಕ್ಷೇತ್ರ ಸಿನಿಮಾ ಬಂದಾಗ, ದುರ್ಯೋಧನನೇ ಹೀರೋ, ದರ್ಶನ್ ಮಾಡಿದಾರೆ, ರನ್ನನ ಗದಾಯುದ್ಧದಿಂದ ತಗೊಂಡಿರೋ ಕಥೆ ಅಂತ ಗೊತ್ತಾಗಿ, ನೀನು ಕರ್ಕೊಂಡ್ ಹೋಗ್ಲೇಬೇಕು ಅಂತ ಹಠ ಹಿಡಿದ್ರು. ಮಳೆ ಅಂದ್ರೆ ಮಳೆ ಅವತ್ತು, ಆ ಮಳೇಲಿ ಹಾಸನಕ್ಕೆ ಹೋದ್ವಿ. 3ಡಿ ಕನ್ನಡಕನ ತಮ್ಮ ಕನ್ನಡಕದ ಮೇಲೇ ಹಾಕ್ಕೊಂಡು ಕೂತ್ರು. ಭೀಷ್ಮನಾಗಿ ಅಂಬರೀಶ್ ಬಂದಾಗ ಕೈ ಮುಗಿದ್ರು, ಅವ್ರು ತೀರ್ಕೊಂಡು ಆಗ್ಲೇ ಎಂಟು ತಿಂಗಳು ಮೇಲಾಗಿತ್ತು. ದರ್ಶನ್ ಕಿರೀಟ ಹಾಕ್ಕೊಂಡ್ ನಿಂತ್ರೆ ಲಕ್ಷಣವಾಗೇ ಇದಾರೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಯಾವ ಮಾತಿಗೂ ಉಸಿರಾಡೋಕೆ ಜಾಗ ಇಲ್ಲ, ಒಬ್ಬೊಬ್ಬ ಸ್ಟಾರಿಗೂ ಒಂದೊಂದು ಎಂಟ್ರಿ, ಎಂಟ್ರಿಗೊಂದು ಗ್ರಾಫಿಕ್ಸು, ಕಿವಿ ತುಂಬ ಗದ್ದಲ.

ಇಂಟರ್‌ವಲ್ ಆದ್ಮೇಲೆ ಸ್ವಲ್ಪ ಹೊತ್ತು ಕೂತಿದ್ರು, ಎದ್ದು ಹೋದ್ರು. ಬಾತ್‌ರೂಮಿಗಿರ್ಬೇಕು ಅನ್ಕೊಂಡೆ, ಇಪ್ಪತ್ತು ನಿಮಿಷ ಆದ್ರೂ ಬರ್ಲಿಲ್ಲ, ಗಾಬರಿಯಾಗಿ ಹೊರಗೆ ಬಂದು ನೋಡಿದ್ರೆ ಎದುರುಗಡೆ ಟೀ ಅಂಗಡಿ ತಗಡಿನ ಕೆಳಗೆ ನಿಂತಿದಾರೆ. ಯಾಕ್ ದೊಡ್ಡಪ್ಪ ಅಂದ್ರೆ "ಕೆರೆ ಹತ್ರ ಬರ್ತಿತ್ತು ಕಣೋ ಕಥೆ, ಅದೊಂದು ಇವ್ರ ಕೈಲಿ ನೋಡಕಾಗಲ್ಲ ನಂಗೆ" ಅಂದ್ರು. ಎಲ್ಲಾ ಕಳ್ಕೊಂಡ ದುರ್ಯೋಧನ ವೈಶಂಪಾಯನ ಸರೋವರದೊಳಗೆ ಬಚ್ಚಿಟ್ಕೊಂಡಿರೋ ಸೀನು. ಟೀ ಅಂಗಡಿಯವನು ಯಾವ ಕೆರೆ ಸಾರ್ ಅಂತ ಕೇಳ್ದ, ಅಷ್ಟು ಸಾಕಿತ್ತು, ಗ್ಲಾಸ್ ಕೆಳಗಿಟ್ಟು ನಾಟಕದಲ್ಲಿ ಆ ಸೀನಿಗೆ ಹಾಡೋ ಪದ ಶುರು ಮಾಡಿದ್ರು. ತಗಡಿನ ಮೇಲೆ ಮಳೆ ಸದ್ದಿಗೆ ಅರ್ಧ ಸಾಹಿತ್ಯ ಕೇಳಿಸ್ಲಿಲ್ಲ, ಆಟೋದವ್ರು ಇಬ್ರು ಬಂದು ನಿಂತ್ಕೊಂಡ್ರು, ನನ್ನ ಟೀ ಆರೋಯ್ತು.