ನನ್ನ ಕಥೆಯ ಬಾಹ್ಯಾಕಾಶ ಯುದ್ಧನೌಕೆಯಲ್ಲಿ 400 ಸಿಬ್ಬಂದಿ ಇದ್ದಾರೆ. ಎಷ್ಟು ಎಸ್ಕೇಪ್ ಪಾಡ್ (ಅಪಾಯದಲ್ಲಿ ಹಡಗು ಬಿಟ್ಟು ಪಾರಾಗುವ ಪುಟ್ಟ ನೌಕೆ) ಇಡಬೇಕು?

ಇದೇ ಲೆಕ್ಕ ಹಾಕುತ್ತಾ ಕೂತು ನನ್ನದೊಂದು ಧಾರಾವಾಹಿ ಹಳ್ಳ ಹಿಡಿಯಿತು. ಎಷ್ಟು ಪಾಡ್, ಒಂದರಲ್ಲಿ ಎಷ್ಟು ಸೀಟು, ಯಾವ ಡೆಕ್ಕಿನಲ್ಲಿ ಬಾಗಿಲು, ಎಲ್ಲದಕ್ಕೂ ನಕ್ಷೆ ಬರೆದಿಟ್ಟಿದ್ದೆ. ಏಟು ತಿಂದ ಹಡಗು ಶತ್ರುಗಳತ್ತ ನುಗ್ಗುತ್ತದೆ, ಸಿಬ್ಬಂದಿ ಪಾಡ್ ಹತ್ತಿ ಹಿಂದೆ ಉಳಿಯುತ್ತಾರೆ, ನಮ್ಮವರ ಇನ್ನೊಂದು ಹಡಗು ಬಂದು ಎತ್ತಿಕೊಳ್ಳುತ್ತದೆ. ಇಡೀ ಕ್ಲೈಮ್ಯಾಕ್ಸ್ ನಿಂತಿದ್ದು ಆ ಹಿಂದೆ ಉಳಿಯುವುದರ ಮೇಲೆ.

ಉಳಿಯೋದಿಲ್ಲ ಸ್ವಾಮಿ! ಹಡಗು ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿದ್ದರೆ ಅದರಿಂದ ಹಾರಿದ ಪಾಡಿಗೂ ಅದೇ ವೇಗ. ಸಮುದ್ರದಲ್ಲಾದರೆ ನೀರು ದೋಣಿಯನ್ನು ತಡೆಯುತ್ತದೆ, ಬಾಹ್ಯಾಕಾಶದಲ್ಲಿ ತಡೆಯೋಕೆ ಏನಿದೆ? ಪಾಡಿನ ಪುಟ್ಟ ಎಂಜಿನ್ ಸೆಕೆಂಡಿಗೆ 200 ಮೀಟರ್ ಕಳೆದರೂ 29.8 ಕಿಲೋಮೀಟರ್ ಹಾಗೇ ಉಳಿಯಿತು. ಒಂದು ಗಂಟೆ ಬಿಟ್ಟು ನೋಡಿದರೆ ಹಡಗಿಗೂ ಪಾಡಿಗೂ ನಡುವೆ 720 ಕಿಲೋಮೀಟರ್ ಅಂತರ ಆಗಿರುತ್ತದೆ, ನಿಜ. ಆದರೆ ಅಷ್ಟರಲ್ಲಿ ಎರಡೂ ಲಕ್ಷ ಕಿಲೋಮೀಟರ್ ಮುಂದೆ, ಶತ್ರುಗಳ ಮಧ್ಯೆಯೇ ಇರುತ್ತವೆ. ಪಿಯುಸಿ ಓದುವ ಹುಡುಗಿಯೊಬ್ಬಳು ಇದನ್ನು ಎರಡೇ ಸಾಲಿನಲ್ಲಿ ಬರೆದು ಕಳಿಸಿದಳು. ತಿದ್ದಲು ಹೋದೆ, ಕಥೆಯೇ ಬಿಚ್ಚಿಕೊಂಡಿತು. ಸಂಪಾದಕರು ನಿಲ್ಲಿಸಿಬಿಟ್ಟರು.

ಹಾಗಾಗಿ ಸೀಟಿನ ಲೆಕ್ಕ ಬಿಡಿ, ಯಾರು ಬಂದು ಎತ್ತಿಕೊಳ್ತಾರೆ ಅದನ್ನು ಹೇಳಿ. 1945ರ ಜುಲೈ 30ರಂದು ಅಮೆರಿಕದ ಯುದ್ಧನೌಕೆ ಯುಎಸ್‌ಎಸ್ ಇಂಡಿಯಾನಾಪೊಲಿಸ್ ಟಾರ್ಪಿಡೊ ಬಿದ್ದು ಸುಮಾರು 12 ನಿಮಿಷದಲ್ಲಿ ಮುಳುಗಿತು. 1,195 ಜನರಲ್ಲಿ 900ರಷ್ಟು ಮಂದಿ ಜೀವಂತವಾಗಿಯೇ ಹೊರಬಂದಿದ್ದರು. ಹಡಗು ಬಂದಿಲ್ಲವಲ್ಲ ಅಂತ ಯಾರೂ ಹುಡುಕಲಿಲ್ಲ. ಆಗಸ್ಟ್ 2ಕ್ಕೆ ಗಸ್ತು ವಿಮಾನವೊಂದರ ಕಣ್ಣಿಗೆ ಅಕಸ್ಮಾತ್ ಬಿದ್ದರು. ಬದುಕಿದ್ದು 316 ಜನ.

ನನ್ನನ್ನು ಕೇಳಿದರೆ ಪಾಡೇ ಬೇಡ. ಹಡಗು ಒಡೆದರೂ ಗಾಳಿ ಹಿಡಿದಿಟ್ಟುಕೊಳ್ಳುವ ಗಟ್ಟಿ ಕೋಣೆಗಳನ್ನು ಕೊಡಿ, ಜನ ಅಲ್ಲೇ ಬಾಗಿಲು ಹಾಕಿಕೊಂಡು ಕೂರಲಿ. ಕಥೆಗೆ ಬೇಕಾದ ಕಷ್ಟವೂ ಅಲ್ಲೇ ಸಿಗುತ್ತದೆ. 1970ರಲ್ಲಿ ಚಂದ್ರನತ್ತ ಹೊರಟಿದ್ದ ಅಪೊಲೊ 13ರ ಮೂವರು, ಮುಖ್ಯ ನೌಕೆ ಕೆಟ್ಟಿದ್ದರಿಂದ ಇಬ್ಬರಿಗೆಂದು ಮಾಡಿದ ಚಂದ್ರನೌಕೆಯಲ್ಲಿ ಕೂತಾಗ ಆಮ್ಲಜನಕ ಸಾಕಷ್ಟಿತ್ತು, ಏರುತ್ತಿದ್ದದ್ದು ಅವರೇ ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್. ಅದನ್ನು ಹೀರುವ, ಮುಖ್ಯ ನೌಕೆಯ ಹೆಚ್ಚುವರಿ ಡಬ್ಬಿಗಳು ಚೌಕ, ಚಂದ್ರನೌಕೆಯ ಕಿಂಡಿ ದುಂಡಗೆ. ಪ್ಲಾಸ್ಟಿಕ್ ಚೀಲ, ಕೈಪಿಡಿಯ ರಟ್ಟು, ಸೂಟಿನ ಕೊಳವೆ, ಅಂಟುಪಟ್ಟಿ ಸೇರಿಸಿ ಜೋಡಿಸಿದರು.

ಪಾಡ್ ಬೇಕೇ ಬೇಕು ಅಂತಿದ್ದರೆ ಯುದ್ಧವನ್ನು ಗ್ರಹದ ಕೆಳಕಕ್ಷೆಗೆ ತನ್ನಿ. ಬಾಹ್ಯಾಕಾಶ ನಿಲ್ದಾಣದಿಂದ ಹೊರಟ ರಷ್ಯಾದ ಸೋಯುಜ್ ನೌಕೆ ಸೆಕೆಂಡಿಗೆ ಸುಮಾರು 130 ಮೀಟರ್ ವೇಗ ಕಳೆದುಕೊಂಡರೆ ಸಾಕು, ಮಿಕ್ಕಿದ್ದನ್ನು ವಾತಾವರಣವೂ ಪ್ಯಾರಾಚೂಟೂ ನೋಡಿಕೊಳ್ಳುತ್ತವೆ. ನಿಮ್ಮ ಪಾಡಿಗೊಂದು ಶಾಖಕವಚ ಹಾಕೋದು ಮಾತ್ರ ಮರೀಬೇಡಿ.