ಬಾಲಿಯ ಮದುವೆಗೆ ತಿಪಟೂರಿನ ಕೊಬ್ಬರಿ

ಓದುಗರ ಪತ್ರ: ಅಣ್ಣನ ಮಗಳ ಮದುವೆ ಮಾರ್ಚ್‌ನಲ್ಲಿ, ಇಂಡೋನೇಷ್ಯಾದ ಬಾಲಿಯಲ್ಲಿ. ಟಿಕೆಟ್ ಅಣ್ಣನೇ ಮಾಡಿಸುತ್ತಾನಂತೆ. ಉಳಿದ ಖರ್ಚಿನ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ, ಕೇಳಲು ನನಗೆ ಸಂಕೋಚ. ನಾನೂ ಯಜಮಾನರೂ ವಿಮಾನ ಹತ್ತಿದವರಲ್ಲ. ಅವರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತಗೊಳ್ಳುತ್ತಾರೆ. ಮಡಿಲಕ್ಕಿ ಸಾಮಾನು, ಒಡವೆ ಒಯ್ಯಬಹುದಾ? ಮದುವೆ ಆದಮೇಲೆ ನಾಲ್ಕು ದಿನ ಇದ್ದು ಬನ್ನಿ ಅಂತ ಮಗ ಹೇಳುತ್ತಿದ್ದಾನೆ. (ಓದುಗರೊಬ್ಬರು, ತಿಪಟೂರು)

ಅಮ್ಮ, ಖರ್ಚಿನ ಬಗ್ಗೆ ನೀವು ಬರೆದ ಸಂಕೋಚದಿಂದಲೇ ಶುರು ಮಾಡುತ್ತೇನೆ. ಇವತ್ತೇ ಅಣ್ಣನಿಗೆ ಫೋನ್ ಮಾಡಿ. ರೂಮು ಎಷ್ಟು ರಾತ್ರಿಗೆ, ವೀಸಾ ದುಡ್ಡು ಯಾರದು, ಇನ್ಶೂರೆನ್ಸ್ ಮಾಡಿಸಿದ್ದಾನಾ, ಅಲ್ಲಿ ಇಳಿದಮೇಲೆ ಕರೆದುಕೊಂಡು ಹೋಗಲು ಯಾರು ಬರುತ್ತಾರೆ, ಎಲ್ಲ ನೇರವಾಗಿ ಕೇಳಿ. ಕಲ್ಯಾಣ ಮಂಟಪದ ಮದುವೆಯಾದರೆ ಕೇಳಬೇಕಾಗಿರಲಿಲ್ಲ, ನಮಗೆಲ್ಲ ಅದರ ರೀತಿ ಗೊತ್ತು. ಇದು ಹೊಸದು. ಕರೆದವರಿಗೂ ಹೊಸದೇ. ನೀವು ಕೇಳಿದರೆ ಅಣ್ಣನಿಗೆ ಬೇಜಾರಾಗುವುದಿಲ್ಲ. ಉಳಿದ ನೆಂಟರೂ ಇದನ್ನೇ ಕೇಳಲಾಗದೆ ಕೂತಿರುತ್ತಾರೆ. ಸೋದರತ್ತೆ ಅಂತ ಸಾಲ ಮಾಡಿ ಹೋಗಬೇಕಾಗಿಲ್ಲ. ಕೈಯಲ್ಲಿ ಆಗದಿದ್ದರೆ ಅದನ್ನೂ ಹೇಳಿ.

ಆಮೇಲೆ ಪಾಸ್‌ಪೋರ್ಟ್ ತೆಗೆದು ನೋಡಿ. ಬಾಲಿಯಲ್ಲಿ ಇಳಿಯುವ ದಿನಕ್ಕೆ ಇನ್ನೂ ಆರು ತಿಂಗಳಾದರೂ ಅವಧಿ ಉಳಿದಿರಬೇಕು. ಅದಕ್ಕಿಂತ ಮುಖ್ಯ, ಹೆಸರು. ನಮ್ಮ ಕಡೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇರುತ್ತದೆ. ಆಧಾರ್‌ನಲ್ಲಿ ಒಂದು ಥರ, ಪಾಸ್‌ಪೋರ್ಟ್‌ನಲ್ಲಿ ಬಿಡಿಸಿ ಬರೆದದ್ದು ಇನ್ನೊಂದು ಥರ. ನಮ್ಮ ತಾಯಿಯ ಟಿಕೆಟ್‌ನಲ್ಲಿ ಬರೀ ಇನಿಷಿಯಲ್ ಹಾಕಿದ್ದರು. ಕೌಂಟರಿನಲ್ಲಿ ಒಂದು ಗಂಟೆ ನಿಲ್ಲಿಸಿಬಿಟ್ಟರು. ಆ ಒಂದು ಗಂಟೆ ಅವರ ಮುಖ ಹೇಗಿತ್ತು ಅಂತ ನನಗೆ ಇವತ್ತಿಗೂ ನೆನಪಿದೆ. ಫೋನಿನಲ್ಲಿ ಸ್ಪೆಲಿಂಗ್ ಹೇಳಬೇಡಿ. ಪಾಸ್‌ಪೋರ್ಟ್ ಪುಟದ ಫೋಟೋ ಅಣ್ಣನಿಗೆ ವಾಟ್ಸಾಪ್ ಮಾಡಿ, ಟಿಕೆಟ್ ಬಂದಮೇಲೆ ಒಂದೊಂದು ಅಕ್ಷರವನ್ನೂ ತಾಳೆ ನೋಡಿ.

ವೀಸಾ ಕಷ್ಟವಲ್ಲ. ಅಲ್ಲಿ ಇಳಿದಮೇಲೂ ಕೊಡುತ್ತಾರೆ, ಮೊದಲೇ ಆನ್‌ಲೈನ್‌ನಲ್ಲೂ ಮಾಡಿಸಬಹುದು. 30 ದಿನಕ್ಕೆ 5 ಲಕ್ಷ ರುಪಿಯಾ. ಗಾಬರಿ ಬೇಡ, ಅಲ್ಲಿಯ 1 ಲಕ್ಷ ಅಂದರೆ ನಮ್ಮ ಐನೂರು ಆರುನೂರು ರೂಪಾಯಿ. ಇದಲ್ಲದೆ 2024ರ ಫೆಬ್ರುವರಿಯಿಂದ ಬಾಲಿಗೆ ಬರುವ ವಿದೇಶಿಯರು ತಲೆಗೆ ಒಂದೂವರೆ ಲಕ್ಷ ರುಪಿಯಾ ಬೇರೆ ಕಟ್ಟಬೇಕು. ಮಗ ಆನ್‌ಲೈನ್‌ನಲ್ಲಿ ಮಾಡಿಸುವುದಾದರೆ ಸರ್ಕಾರಿ ವೆಬ್‌ಸೈಟ್ ಹೌದಾ ಅಂತ ನೋಡಿಕೊಳ್ಳಲಿ. ಅದೇ ಥರ ಕಾಣುವ, ಜಾಸ್ತಿ ದುಡ್ಡು ಕೀಳುವ ಸೈಟ್‌ಗಳಿವೆ.

ಯಜಮಾನರ ಇನ್ಸುಲಿನ್ ಕೈಚೀಲದಲ್ಲೇ ಇರಲಿ. ಕೆಳಗೆ ಹಾಕುವ ದೊಡ್ಡ ಬ್ಯಾಗಿನಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು, ಬ್ಯಾಗೇ ತಡವಾಗಿ ಬರಲೂಬಹುದು. ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ ಜೊತೆಗಿರಲಿ. ಬಾಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಇನ್ಸುಲಿನ್ ಎಷ್ಟು ಹೊತ್ತಿಗೆ ಅಂತ ಡಾಕ್ಟರನ್ನೇ ಕೇಳಿ ಬರೆಸಿಕೊಳ್ಳಿ. ನಿದ್ದೆ ಮಾತ್ರೆ, ಜೋರು ನೋವಿನ ಮಾತ್ರೆ ಇದ್ದರೆ ಚೀಟಿ ಇಲ್ಲದೆ ಒಯ್ಯಲೇಬೇಡಿ. ಮಾದಕ ವಸ್ತುಗಳ ವಿಷಯದಲ್ಲಿ ಆ ದೇಶದ ಕಾನೂನು ಬಹಳ ಕಠಿಣ. ಅದಕ್ಕೇ ಬೇರೆಯವರು ಕೊಟ್ಟ ಪೊಟ್ಟಣ, ಎಷ್ಟೇ ಹತ್ತಿರದ ನೆಂಟರಾಗಲಿ, ಬಿಚ್ಚಿ ನೋಡದೆ ಬ್ಯಾಗಿಗೆ ಹಾಕಬೇಡಿ. ಇನ್ಶೂರೆನ್ಸ್ ಮಾಡಿಸುವಾಗ ಸಕ್ಕರೆ ಕಾಯಿಲೆ ಇದೆ ಅಂತ ಬರೆಸಿ. ಮುಚ್ಚಿಟ್ಟರೆ ಆಸ್ಪತ್ರೆ ಖರ್ಚು ಸಿಗದೇ ಹೋಗಬಹುದು. ಜಾಸ್ತಿ ನಡೆಯಲು ಆಗದಿದ್ದರೆ ಎರಡು ದಿನ ಮೊದಲೇ ವಿಮಾನದವರಿಗೆ ಹೇಳಿ ವೀಲ್‌ಚೇರ್ ಕೇಳಿ.

ಒಡವೆ ಆದಷ್ಟು ಕಡಿಮೆ ಇರಲಿ. ಮೈಮೇಲಿನ ಮಾಂಗಲ್ಯ, ಬಳೆ ಬಿಟ್ಟು ಹಾರ, ಡಾಬು ಒಯ್ಯುವುದೇ ಆದರೆ, ಹೊರಡುವಾಗಲೇ ಏರ್‌ಪೋರ್ಟಿನ ಕಸ್ಟಮ್ಸ್‌ನವರಿಗೆ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬರೆಸಿಕೊಳ್ಳಿ. ಒಡವೆ ಇಲ್ಲಿಂದಲೇ ಒಯ್ದದ್ದು ಅನ್ನುವುದಕ್ಕೆ ವಾಪಸ್ ಬರುವಾಗ ಅದೇ ಸಾಕ್ಷಿ. ನಮ್ಮ ನೋಟು 25 ಸಾವಿರಕ್ಕಿಂತ ಜಾಸ್ತಿ ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಮುಯ್ಯಿಯನ್ನು ಇಲ್ಲೇ, ಬೀಗರೂಟದ ದಿನ ಓದಿಸಿ.

ನಾಲ್ಕು ದಿನ ಇರುವ ಮಾತಿಗೆ ಬರುತ್ತೇನೆ. ಬಾಲಿಯವರಿಗೂ ಹೊಸ ವರ್ಷ ಸಾಮಾನ್ಯವಾಗಿ ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ. ಅದರ ಹೆಸರು ನ್ಯೆಪಿ. 2025ರಲ್ಲಿ ಅದು ಮಾರ್ಚ್ 29ಕ್ಕೆ ಬಂತು, ನಮ್ಮ ಯುಗಾದಿ 30ಕ್ಕೆ. ಆ ದಿನ ಇಡೀ ದ್ವೀಪ ಮೌನ. ದೀಪ ಹಚ್ಚುವುದಿಲ್ಲ, ರಸ್ತೆಗೆ ಯಾರೂ ಇಳಿಯುವಂತಿಲ್ಲ. ಏರ್‌ಪೋರ್ಟ್ 24 ಗಂಟೆ ಬಂದ್. ವಾಪಸ್ ಟಿಕೆಟ್ ಮಾಡಿಸುವ ಮುಂಚೆ ಆ ತಾರೀಖು ನೋಡಲು ಮಗನಿಗೆ ಹೇಳಿ.

ಹೊರಡುವ ದಿನ ಬೆಂಗಳೂರು ಊರೊಳಗೆ ಹೋಗಬೇಡಿ. ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ತಿರುಗಿದರೆ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸಿಗುತ್ತದೆ. ಎರಡನೇ ಟರ್ಮಿನಲ್ ಅಂತ ಡ್ರೈವರ್‌ಗೆ ಮೊದಲೇ ಹೇಳಿ. ವಿಮಾನಕ್ಕೆ ಮೂರು ಗಂಟೆ ಮುಂಚೆ ಅಲ್ಲಿರಿ.

ಈಗ ಮಡಿಲಕ್ಕಿ. ಬೇರೆ ಊರಿನವರಿಗಾದರೆ ಸುಲಭವಾಗಿ ಹೇಳಿಬಿಡುತ್ತಿದ್ದೆ, ತಿಪಟೂರಿನವರಿಗೆ ಹೇಳಲು ಕಷ್ಟ. ಒಣ ಕೊಬ್ಬರಿಯನ್ನು ವಿಮಾನದಲ್ಲಿ ಬಿಡುವುದಿಲ್ಲ. ಎಣ್ಣೆ ಜಾಸ್ತಿ, ಬೇಗ ಹೊತ್ತಿಕೊಳ್ಳುತ್ತದೆ. ಕರ್ಪೂರಕ್ಕೂ ಇದೇ ಮಾತು. ಹೂವು, ಹಣ್ಣು, ವೀಳ್ಯದೆಲೆ, ಅರಿಶಿನದ ಕೊಂಬು, ಅಕ್ಕಿ ಒಯ್ದರೆ ಅಲ್ಲಿಯ ತಪಾಸಣೆಯವರು ಹಿಡಿದುಕೊಳ್ಳಬಹುದು. ಕುಂಕುಮದ ಡಬ್ಬಿ, ಸೀರೆ, ಕುಪ್ಪಸದ ಕಣ, ಗಾಜಿನ ಬಳೆ ಒಯ್ಯಿರಿ. ಉಳಿದದ್ದನ್ನು ಅಲ್ಲಿಯ ಮದುವೆ ವ್ಯವಸ್ಥೆ ಮಾಡುವವರಿಗೆ ಪಟ್ಟಿ ಮಾಡಿ ಅಣ್ಣನ ಕೈಲಿ ಕಳಿಸಿ.

ಬಾಲಿಯಲ್ಲಿ ಬಹಳಷ್ಟು ಜನ ಹಿಂದೂಗಳು. ಮನೆ ಮುಂದೆ, ಅಂಗಡಿ ಮುಂದೆ, ನೆಲದ ಮೇಲೆ ತೆಂಗಿನ ಗರಿಯ ಪುಟ್ಟ ತಟ್ಟೆಗಳು ಕಾಣುತ್ತವೆ. ದಿನವೂ ದೇವರಿಗೆ ಇಡುವ ಎಡೆ ಅದು, ಕಾಲು ತಾಗದಂತೆ ನಡೆಯಿರಿ. ಹೂವಿನ ಕೆಳಗೆ ಸಣ್ಣದಾಗಿ ಮಡಿಸಿದ ಒಂದು ಎಲೆ ಇರುತ್ತದೆ. ಅದರಲ್ಲಿ ಇರುವುದು ವೀಳ್ಯದೆಲೆ, ಅಡಿಕೆ, ಸುಣ್ಣ. ಎಲೆ ಅಡಿಕೆ ತರಲಾಗಲಿಲ್ಲ ಅಂತ ಅಲ್ಲಿ ನೀವು ಕೊರಗಬೇಕಾಗಿಲ್ಲ. ಕೊಬ್ಬರಿ ಮಾತ್ರ ಮನೆಯಲ್ಲೇ ತೆಗೆದಿಟ್ಟಿರಿ. ಮದುಮಗಳು ಊರಿಗೆ ಬಂದಾಗ ನಿಮ್ಮ ಕೈಯಾರೆ ಮಡಿಲಿಗೆ ಹಾಕಬಹುದು.